ಗೋಡೆ ಮೇಲಿನ ಟೀಚರ್

ನಮ್ಮ ಶಾಲೆಯ ಟೀಚರ್ ಗೋಡೆಯ ಮೇಲೆ ಇದ್ದರು.

ತಮಾಷೆಗೆ ಹೇಳುತ್ತಿಲ್ಲ. ಹೊಸನಗರದ ನಮ್ಮ ‘ಸಹನಾದೀಪ ವಿಶೇಷ ಮಕ್ಕಳ ಶಾಲೆ’ಗೆ ಯಾರೇ ಬಂದರೂ ಆಫೀಸ್ ರೂಮಿನಲ್ಲಿ, ಗಡಿಯಾರದ ಪಕ್ಕ, ಗಾಜಿನ ಫ್ರೇಮಿನೊಳಗೆ ಅವರ ದರ್ಶನವಾಗುತ್ತಿತ್ತು. ಸುಚಿತ್ರಾ ಅಂತ ಹೆಸರು. ಮೂಲೆಯಲ್ಲಿ ಚಿಕ್ಕ ಫೋಟೋ. ಬುದ್ಧಿ ಬೆಳವಣಿಗೆ ನಿಧಾನವಿರುವ ಮಕ್ಕಳಿಗೆ ಕಲಿಸಲು ಇವರಿಗೆ ಅಧಿಕಾರವಿದೆ ಎಂದು ದೆಹಲಿಯಿಂದ ಬಂದ ಲೈಸೆನ್ಸು. ಲೈಸೆನ್ಸ್ ಇರುವ ಟೀಚರ್ ಇಲ್ಲದೆ ಇಂಥ ಶಾಲೆ ನಡೆಸುವ ಹಾಗಿಲ್ಲ. ಆದ್ದರಿಂದ ಲೈಸೆನ್ಸು ಹೊಸನಗರದಲ್ಲಿತ್ತು. ಟೀಚರ್ ಗಂಡನ ಜೊತೆ ಮೈಸೂರಿನಲ್ಲಿದ್ದರು.

ಆಯುಧಪೂಜೆಯ ದಿನ ಶಾಲೆಯ ವ್ಯಾನಿಗೆ, ಮಿಕ್ಸಿಗೆ, ಹೊಲಿಗೆ ಮಿಷನ್ನಿಗೆ ಕುಂಕುಮ ಇಡುವಾಗ ಆ ಫ್ರೇಮಿಗೂ ಒಂದು ಬೊಟ್ಟು ಬೀಳುತ್ತಿತ್ತು. ನ್ಯಾಯವೇ. ಶಾಲೆಗೆ ದುಡಿಯುವ ಸಾಮಾನುಗಳಲ್ಲಿ ಅದೂ ಒಂದು. ಆ ಲೆಕ್ಕದಲ್ಲಿ ನನಗೂ ಒಂದು ಬೊಟ್ಟು ಇಡಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

ನಾನು ಕುಮುದಾ. ಆ ಶಾಲೆಯ ಆಯಾ. ಹನ್ನೊಂದು ವರ್ಷದಿಂದ.

ಹದಿನಾಲ್ಕು ಮಕ್ಕಳು. ವ್ಯಾನಿನಿಂದ ಎತ್ತಿ ಇಳಿಸುವುದು ನಾನು. ಜೊಲ್ಲು ಒರೆಸುವುದು ನಾನು. ಕಕ್ಕಸಿಗೆ ಕರೆದುಕೊಂಡು ಹೋಗುವುದು, ತೊಳೆಯುವುದು, ಚಡ್ಡಿ ಬದಲಿಸುವುದು, ಒಗೆಯುವುದು, ಮಳೆಗಾಲದಲ್ಲಿ ಒಣಗದ ಚಡ್ಡಿಗಳನ್ನು ಒಲೆಯ ಮೇಲೆ ಹರಡುವುದು, ಎಲ್ಲ ನಾನು. ಹದಿನಾರು ವರ್ಷದ ಹುಡುಗಿಯರ ಬಟ್ಟೆಯೂ ನನ್ನದೇ. ಸೊಂಟ ನೋವು ಮಾತ್ರ ಸ್ವಂತದ್ದು.

ಆದರೆ ಊಟ ಕೊಡುವುದು ನಾನಲ್ಲ. ಅದು ರಂಗಮ್ಮನ ಕೆಲಸ. ರಂಗಮ್ಮ ಅಡುಗೆಯವರು, ನಮ್ಮ ಕೇರಿಯವರಲ್ಲ. ನಾನು ಅನ್ನದ ತಟ್ಟೆ ಮುಟ್ಟುವ ಹಾಗಿರಲಿಲ್ಲ. ಹಾಗಂತ ಯಾರೂ ಬೋರ್ಡು ಬರೆದು ಹಾಕಿರಲಿಲ್ಲ. ಊಟದ ಹೊತ್ತಿಗೆ ನನಗೆ ಹಿತ್ತಲ ಕಡೆ ಏನಾದರೂ ಕೆಲಸ ಬೀಳುತ್ತಿತ್ತು, ಅಷ್ಟೇ. ಹೀಗೆ ನಮ್ಮ ಶಾಲೆಯಲ್ಲಿ ಒಂದೊಂದು ಮಗುವನ್ನೂ ಸೊಂಟದ ಹತ್ತಿರ ಎರಡು ಪಾಲು ಮಾಡಿದ್ದರು. ಮೇಲಿನ ಪಾಲು ರಂಗಮ್ಮನಿಗೆ. ಕೆಳಗಿನ ಪಾಲು ನನಗೆ.

ಪಾಲು ಮಾಡಿದವರು ಕಾರ್ಯದರ್ಶಿ ರಾಜೇಂದ್ರಣ್ಣ. ಸರ್ ಅಂದರೆ ಅವರಿಗೆ ಆಗುವುದಿಲ್ಲ. “ಸರ್ ಗಿರ್ ಎಂತದೂ ಬೇಡ ಮಾರಾಯ್ತಿ, ಅಣ್ಣ ಅನ್ನು” ಎನ್ನುತ್ತಿದ್ದರು. ಅಣ್ಣ ಅನ್ನಬಹುದಿತ್ತು. ಅಣ್ಣನ ಎದುರು ಕುರ್ಚಿಯಲ್ಲಿ ಕೂರುವುದಕ್ಕೆ ಆಗುತ್ತಿರಲಿಲ್ಲ.

ಅವರ ಅಪ್ಪ ಕೆರಿಯಪ್ಪ ಗೇಣಿದಾರರು. ಒಡೆಯರ ಅಂಗಳದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತವರು. ಆಮೇಲೆ ಕಾನೂನು ಬಂದು ಉತ್ತ ಗದ್ದೆ ಅವರದ್ದಾಯಿತು. ಆ ಕಥೆಯನ್ನು ರಾಜೇಂದ್ರಣ್ಣ ಪ್ರತಿ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಹೇಳುತ್ತಿದ್ದರು. “ಅವಮಾನ ಅಂದ್ರೆ ಎಂತ ಅಂತ ನಮ್ಮ ಮನೆತನಕ್ಕೆ ಗೊತ್ತು” ಅನ್ನುವಾಗ ಮೈಕನ್ನು ಇನ್ನೂ ಹತ್ತಿರ ಎಳೆದುಕೊಳ್ಳುತ್ತಿದ್ದರು. ನಾನು ವೇದಿಕೆಯ ಹಿಂದೆ, ನೃತ್ಯಕ್ಕೆ ಸಿಂಗರಿಸಿಕೊಂಡು ಹೆದರಿ ಉಚ್ಚೆ ಹೊಯ್ದುಕೊಂಡ ಮಕ್ಕಳ ಚಡ್ಡಿ ಬದಲಿಸುತ್ತ ಕೇಳುತ್ತಿದ್ದೆ. ಕೆರಿಯಪ್ಪನವರಿಗೆ ಅಂಗಳದ ತನಕವಾದರೂ ಬರಲು ಬಿಟ್ಟಿದ್ದರು. ಕವಲೇದುರ್ಗದ ಕೆಳಗೆ ನನ್ನ ಅಜ್ಜ ಇದೇ ಕೆರಿಯಪ್ಪನಂಥವರ ಬೇಲಿಯ ಆಚೆ ನಿಂತು ಕೂಗಿ ಮಾತಾಡಬೇಕಿತ್ತು. ಆ ಕಥೆ ಹೇಳಲು ನನಗೆ ಯಾರೂ ಮೈಕ್ ಕೊಡಲಿಲ್ಲ.

ಮೂರು ವರ್ಷದ ಹಿಂದೆ ಒಂದು ದಿನ ರಾಜೇಂದ್ರಣ್ಣ ನನ್ನನ್ನು ಕರೆದರು.

“ಕುಮುದಾ, ನೀನು ಪಿಯುಸಿ ಪಾಸಲ್ವಾ?”

“ಹೌದಣ್ಣ.”

“ಸಾಗರದಲ್ಲಿ ವಿಶೇಷ ಮಕ್ಕಳ ಟೀಚರ್ ಡಿಪ್ಲೊಮಾ ಇದೆ. ಎರಡು ವರ್ಷ. ಮಾಡು. ಎಷ್ಟು ದಿನ ಅಂತ ಆಯಾ ಆಗೇ ಇರ್ತೀಯ? ನಾನು ಲೆಟರ್ ಕೊಡ್ತೀನಿ.”

ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಇವತ್ತು ನೆನೆದರೆ ಬಗ್ಗಿದ ಆ ಬೆನ್ನಿಗೆ ನಾಲ್ಕು ಬಾರಿಸೋಣ ಅನ್ನಿಸುತ್ತದೆ. ಸುಚಿತ್ರಾ ಅವರ ಲೈಸೆನ್ಸಿನ ಅವಧಿ ಮುಗಿಯುತ್ತಾ ಬಂದಿತ್ತು. ನವೀಕರಣ ಆಗಬೇಕಾದರೆ ಕಾರ್ಯಾಗಾರಗಳಿಗೆ ಹೋಗಿ ಕೂರಬೇಕು. ಅವರು ಒಂದಕ್ಕೂ ಹೋಗಿರಲಿಲ್ಲ. ಸುಚಿತ್ರಾ ಅಂದರೆ ಬೇರೆ ಯಾರೂ ಅಲ್ಲ, ರಾಜೇಂದ್ರಣ್ಣನ ತಮ್ಮನ ಹೆಂಡತಿ. ಗೋಡೆಗೆ ಹೊಸ ಟೀಚರ್ ಬೇಕಿತ್ತು. ಅದು ನನಗೆ ಆಗ ಗೊತ್ತಿರಲಿಲ್ಲ.

ಎರಡು ವರ್ಷ ಓದಿದೆ. ಬೆಳಿಗ್ಗೆ ಆರಕ್ಕೆ ಶಾಲೆಯ ಕಸ ಗುಡಿಸಿ, ಕಕ್ಕಸು ತೊಳೆದು, ಬಟ್ಟೆಮಲ್ಲಪ್ಪ ಊರಿನ ಮೇಲೆ ಹೋಗುವ ಬಸ್ಸು ಹತ್ತಿ ಸಾಗರ. ಸಂಜೆ ವಾಪಸ್ಸು ಬಂದು ಮಕ್ಕಳ ಬಟ್ಟೆ ಒಗೆಯುವುದು. ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಓದು, ಸಿಗದ ದಿನ ಬಾಯಿಪಾಠ. ಓದು ಮುಗಿಯುವ ತನಕ ಹಗಲು ನನ್ನ ಬದಲಿಗೆ ಮೇಗರವಳ್ಳಿಯಿಂದ ಮದುವೆಯಾಗಿ ಬಂದ ಒಬ್ಬ ಹೆಂಗಸನ್ನು ಇಟ್ಟಿದ್ದರು. ಅವಳೂ ನಮ್ಮ ಜಾತಿಯವಳೇ. ಆ ಒಂದು ವಿಷಯದಲ್ಲಿ ರಾಜೇಂದ್ರಣ್ಣ ಯಾವತ್ತೂ ತಪ್ಪು ಮಾಡಿದವರಲ್ಲ.

ಕಾಲೇಜಿನಲ್ಲಿ ಗೊತ್ತಾದದ್ದು ಏನೆಂದರೆ, ನಾನು ಇಷ್ಟು ವರ್ಷದಿಂದ ಮಾಡುತ್ತಿದ್ದದ್ದಕ್ಕೆ ಇಂಗ್ಲಿಷಿನಲ್ಲಿ ಹೆಸರಿದೆ, ಪರೀಕ್ಷೆ ಇದೆ, ಅಂಕ ಇದೆ. ಮಗುವಿಗೆ ಕಕ್ಕಸಿನ ಅಭ್ಯಾಸ ಮಾಡಿಸುವುದು ಒಂದು ಇಡೀ ಪಾಠ. ಅದನ್ನು ಚಿಕ್ಕ ಚಿಕ್ಕ ಹಂತ ಮಾಡಿ, ಒಂದು ಹಂತ ಬಂದ ಮೇಲೆ ಇನ್ನೊಂದು ಕಲಿಸಬೇಕಂತೆ. ನಾನು ನಮ್ಮ ಶಾಲೆಯ ದೀಪಕನಿಗೆ ಹಾಗೆಯೇ ಕಲಿಸಿದ್ದೆ. ಪುಸ್ತಕ ನೋಡಿ ಕಲಿಸಿರಲಿಲ್ಲ, ಅಷ್ಟೇ.

ಪಾಠ ಅಭ್ಯಾಸಕ್ಕೆ ಅಂತ ನಮ್ಮ ತಂಡವನ್ನು ಕಳಿಸಿದ್ದು ಎಲ್ಲಿಗೆ? ನಮ್ಮ ಸಹನಾದೀಪಕ್ಕೇ. ಎಂಟು ಜನ ಸಹಪಾಠಿಗಳು ಕೈಗೆ ಗ್ಲೌಸ್ ಹಾಕಿಕೊಂಡು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಸಾಲಾಗಿ ನಿಂತರು. ಒಂದು ಮಗು ಚಡ್ಡಿಯಲ್ಲೇ ಮಾಡಿಕೊಂಡಿತು. ಎಂಟೂ ಜನ ನನ್ನ ಕಡೆ ನೋಡಿದರು.

“ಕುಮುದಕ್ಕ, ನಿಮಗೆ ಅಭ್ಯಾಸ ಇದೆಯಲ್ಲ. ನೀವು ಮಾಡಿ. ನಾವು ಅಬ್ಸರ್ವೇಶನ್ ಬರೀತೀವಿ.”

ನಾನು ಮಾಡಿದೆ. ಅವರು ಬರೆದರು. ಎಂಟು ರೆಕಾರ್ಡ್ ಪುಸ್ತಕದಲ್ಲಿ ನನ್ನ ಎರಡು ಕೈಗಳ ಬಗ್ಗೆ ಬರೆದು ಎಂಟು ಜನ ಪಾಸಾದರು. ಒಬ್ಬಳು ಕೊನೆಗೆ ‘ಆಯಾಳ ಸಹಕಾರ ಚೆನ್ನಾಗಿತ್ತು’ ಎಂದೂ ಬರೆದಿದ್ದಳು. ಆ ಸಾಲಿಗೆ ಮೇಡಂ ಕೆಂಪು ಶಾಯಿಯಲ್ಲಿ ಗುಡ್ ಅಂತ ಹಾಕಿದ್ದರು.

ನನ್ನ ರೆಕಾರ್ಡಿಗೆ ನಾನು ಲಿಖಿತ್‌ನನ್ನು ಆರಿಸಿಕೊಂಡೆ. ಬ್ಯಾಕೋಡಿನ ಹುಡುಗ, ಅಮ್ಮನ ಜೊತೆ ಹೊಸನಗರದ ಅಜ್ಜಿಮನೆಯಲ್ಲಿ ಇರುತ್ತಾನೆ. ಹನ್ನೆರಡು ವರ್ಷ. ನನ್ನ ಪಾಲಿನ ಅರ್ಧ ಪೂರ್ತಿ ಕಲಿತಿದ್ದ. ಕಕ್ಕಸಿಗೆ ತಾನೇ ಹೋಗುತ್ತಾನೆ, ತಾನೇ ತೊಳೆದುಕೊಳ್ಳುತ್ತಾನೆ, ಲಾಡಿ ತಾನೇ ಕಟ್ಟುತ್ತಾನೆ. ಆದರೆ ಒಂದು ತುತ್ತು ತಾನಾಗಿ ತಿನ್ನುವುದಿಲ್ಲ. ರಂಗಮ್ಮ ಪಾಪ ಪ್ರೀತಿಯಿಂದಲೇ ಕಲಸಿ ಬಾಯಿಗೆ ಇಡುತ್ತಾರೆ, ಅವನು ಬಾಯಿ ತೆರೆಯುತ್ತಾನೆ. ಲಾಡಿ ಕಟ್ಟುವ ಬೆರಳಿಗೆ ಚಮಚ ಹಿಡಿಯುವುದು ಯಾವ ಲೆಕ್ಕ? ಮೂರು ತಿಂಗಳು ಊಟದ ಹೊತ್ತಿಗೆ ನಾನು ಅವನ ಪಕ್ಕ ಕೂತರೆ ಸಾಕು. ಇದನ್ನು ರಾಜೇಂದ್ರಣ್ಣನಿಗೆ ಹೇಳಿದೆ.

“ನನಗೇನಿಲ್ಲ ಕಣೆ. ನಾನು ಜಾತಿ ಗೀತಿ ನೋಡೋನಲ್ಲ, ನಿನಗೇ ಗೊತ್ತು,” ಅಂದರು. “ಪೋಷಕರು ನೋಡ್ತಾರೆ. ಮಕ್ಕಳನ್ನ ಬಿಡಿಸ್ಕಂಡು ಹೋಗ್ತಾರೆ. ನೀನು ಪಾಸಾಗಿ ಲೈಸೆನ್ಸ್ ತಗ. ಟೀಚರ್ ಆದ್ಮೇಲೆ ಯಾರು ಕೇಳ್ತಾರೆ?”

ಯಾವ ಪೋಷಕರು ಹಾಗಂದರು ಅಂತ ನಾನು ಕೇಳಲಿಲ್ಲ. ಅವರೂ ಯಾವ ಪೋಷಕರನ್ನೂ ಕೇಳಿರಲಿಲ್ಲ.

ಪಾಸಾದೆ. ಅರ್ಜಿ ಹಾಕಿದೆ. ಕೆಲವು ತಿಂಗಳಿಗೆ ಲೈಸೆನ್ಸ್ ಬಂತು. ನನ್ನ ಫೋಟೋ, ನನ್ನ ಹೆಸರು, ನನ್ನ ನಂಬರು. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಫೋಟೋ ಮಾತ್ರ ಬೆರಳಲ್ಲಿ ಸವರಿದಳು. ಮಾರನೆಯ ದಿನ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಶಾಲೆಗೆ ಹೋದೆ. ರಾಜೇಂದ್ರಣ್ಣ ಲೈಸೆನ್ಸ್ ನೋಡಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಲಾಡು ತರಿಸಿದರು. ಸಂಜೆಯೊಳಗೆ ಫ್ರೇಮ್ ಹಾಕಿಸಿ, ಸುಚಿತ್ರಾರನ್ನು ಇಳಿಸಿ, ನನ್ನನ್ನು ಅದೇ ಮೊಳೆಗೆ ತೂಗುಹಾಕಿದರು.

ಆಮೇಲೆ ನನ್ನ ಒಳ್ಳೆಯ ಸೀರೆ ನೋಡಿ, “ಇದನ್ನ ಉಟ್ಕಂಡು ಕಕ್ಕಸು ಹೆಂಗೆ ತೊಳೀತೀಯ?” ಅಂದರು.

ಎರಡು ತಿಂಗಳು ಹಾಗೇ ಹೋಯಿತು. ಗೋಡೆಯ ಮೇಲೆ ನಾನು ಟೀಚರ್. ನೆಲದ ಮೇಲೆ ನಾನು ಆಯಾ. ಕೇಳಿದಾಗಲೆಲ್ಲ “ತಪಾಸಣೆ ಒಂದು ಮುಗೀಲಿ” ಅನ್ನುತ್ತಿದ್ದರು. ಕೊನೆಗೆ ಸರ್ಕಾರದವರ ತಪಾಸಣೆಗೆ ದಿನ ನಿಗದಿಯಾಯಿತು. ಅದರ ಹಿಂದಿನ ದಿನ ಮಧ್ಯಾಹ್ನ ಮೈಸೂರಿನಿಂದ ಸುಚಿತ್ರಾ ಬಂದಿಳಿದರು. ರಾಜೇಂದ್ರಣ್ಣ ನಮ್ಮಿಬ್ಬರನ್ನೂ ಆಫೀಸಿಗೆ ಕರೆದರು. ಸುಚಿತ್ರಾ ಕೂತರು. ನಾನು ನಿಂತೆ.

“ನೋಡು ಕುಮುದಾ, ನಾಳೆ ಸಾಹೇಬ್ರು ಬರ್ತಾರೆ, ದಾನಿಗಳೂ ಬರಬಹುದು. ಟೀಚರ್ ಜಾಗದಲ್ಲಿ ಸುಚಿತ್ರಾ ಕೂತ್ಕಳ್ಳಿ. ಅವಳಿಗೆ ಮಾತಾಡಿ ಗೊತ್ತು. ಹೆಸರು ಮಾತ್ರ ನಿಂದು ಹೇಳ್ತಾಳೆ. ಒಂದು ದಿನದ ಮಟ್ಟಿಗೆ.”

“ನನ್ನ ಹೆಸರು ಅವ್ರು ಹೇಳಿದ್ರೆ ನಾನು ಯಾರಣ್ಣ?”

“ನೀನು ಆಯಾ. ಹೆಸರು ಅದಲು ಬದಲು ಮಾಡ್ಕಳಿ. ನೀನು ಸುಚಿತ್ರಾ ಅನ್ನು.”

ಅಲ್ಲಿಯ ತನಕ ಮೊಬೈಲ್ ನೋಡುತ್ತಿದ್ದ ಸುಚಿತ್ರಾ ತಲೆ ಎತ್ತಿದರು. “ಎಂತ ಮಾತು ಭಾವ ಇದು! ಆಯಾ ಅಂತ ಬರ್ದ ಜಾಗದಲ್ಲಿ ನನ್ನ ಹೆಸರಾ? ಸರ್ಕಾರಿ ದಾಖಲೆಲಿ ಇರತ್ತೆ ಅದು. ನಮ್ಮನೆಯವ್ರು ಕೇಳಿದ್ರೆ ಎಂತ ಅಂದ್ಕಳಲ್ಲ?”

ನನ್ನ ಹೆಸರಿನಲ್ಲಿ ಟೀಚರ್ ಆಗಲು ಅವರಿಗೆ ಮೈಲಿಗೆ ಇರಲಿಲ್ಲ. ಅವರ ಹೆಸರಿನಲ್ಲಿ ನಾನು ಕಕ್ಕಸು ತೊಳೆದರೆ ಮಾತ್ರ ಅವರ ಮಾನ ಹೋಗುತ್ತಿತ್ತು. ರಾಜೇಂದ್ರಣ್ಣ ತಲೆ ಕೆರೆದುಕೊಂಡರು. ಆಮೇಲೆ ಅವರ ಮುಖ ಅರಳಿತು.

“ನಿಮ್ಮಮ್ಮನ ಹೆಸರು ಮೂಕಮ್ಮ ಅಲ್ವಾ? ಅದೇ ಹೇಳು. ನಿಮ್ಮ ಮನೆ ಹೆಸರೇ ಆತಲ್ಲ, ಸುಳ್ಳು ಹೇಳ್ದಂಗೂ ಆಗಲ್ಲ.”

“ನಾನು ಒಪ್ಪಲ್ಲ ಅಂದ್ರೆ?”

“ಶಾಲೆ ಮುಚ್ಚತ್ತೆ. ಹದಿನಾಲ್ಕು ಮಕ್ಕಳು ಬೀದಿಗೆ ಬೀಳ್ತವೆ. ಆ ಪಾಪ ನಿನಗೇ.”

ಪಾಪದಲ್ಲಿಯೂ ಪಾಲು ಮಾಡಿದ್ದರು. ಅದೂ ಪೂರ್ತಿ ನನಗೇ ಬಂದಿತ್ತು.

ಸಂಜೆ ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ತೀರ್ಥಹಳ್ಳಿಯ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಗುಡಿಸಿ, ಒರೆಸಿ, ಹೆರಿಗೆ ವಾರ್ಡಿನ ರಕ್ತ ತೊಳೆದು ನಿವೃತ್ತಿಯಾದವಳು. ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಿದಳು.

“ನನ್ನ ಹೆಸರು ಮೂವತ್ತು ವರ್ಷ ಅಲ್ಲೇ ಇತ್ತಲೇ, ಅದೇ ಕಾಲಂನಲ್ಲಿ,” ಅಂದಳು. “ಈಗ ರಿಟೈರ್ ಆಗಿದೆ. ಮತ್ತೆ ಕೆಲ್ಸಕ್ಕೆ ಕಳಿಸ್ಬೇಡ.”

ಮತ್ತೆ ಅಕ್ಕಿ ಆರಿಸತೊಡಗಿದಳು.

ತಪಾಸಣೆಯ ದಿನ ಶಾಲೆ ಫಿನಾಯಿಲ್ ಮತ್ತು ಕೇಸರಿಬಾತಿನಿಂದ ಘಮಘಮಿಸುತ್ತಿತ್ತು. ಫಿನಾಯಿಲ್ ನನ್ನದು, ಕೇಸರಿಬಾತ್ ರಂಗಮ್ಮನದು. ರಾಜೇಂದ್ರಣ್ಣ ಬಿಳಿ ಪಂಚೆ ಉಟ್ಟು ಬಂದರು. ಆಫೀಸಿಗೆ ಹೋದವರಿಗೆ ಒಂದು ತೊಡಕು ಕಂಡಿತು. ಲೈಸೆನ್ಸಿನಲ್ಲಿ ನನ್ನ ಫೋಟೋ ಇದೆ. ಹೆಸರು ಅದಲು ಬದಲು ಮಾಡಬಹುದು, ಮೂತಿ ಹೇಗೆ ಮಾಡುವುದು? ಬಾಗಿಲ ತೋರಣಕ್ಕೆ ತಂದ ಸೇವಂತಿಗೆಯಲ್ಲಿ ಒಂದು ಮೊಳ ಉಳಿದಿತ್ತು. ಅದನ್ನು ಫ್ರೇಮಿಗೆ ಹಾಕಿ, ಹೂವು ಸರಿಯಾಗಿ ನನ್ನ ಮುಖದ ಮೇಲೆ ಬರುವಂತೆ ಎಳೆದು ಕೂರಿಸಿದರು.

ನಮ್ಮ ಕಡೆ ಫೋಟೋಗೆ ಹಾರ ಹಾಕುವುದು ಸತ್ತವರಿಗೆ. ಆ ಗಡಿಬಿಡಿಯಲ್ಲಿ ಅವರಿಗೆ ಅದು ಹೊಳೆಯಲಿಲ್ಲ. ನಾನು ಬಾಗಿಲಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತು ನನ್ನ ತಿಥಿ ನೋಡಿದೆ.

ಹನ್ನೆರಡಕ್ಕೆ ಅಧಿಕಾರಿ ಗುತ್ಯಪ್ಪನವರು ಬಂದರು. ದಾನಿಗಳು ಬರಲಿಲ್ಲ. ಎಲ್ಲರೂ ತರಗತಿಗೆ ಹೋದೆವು. ಅದರ ಪಕ್ಕದಲ್ಲೇ ಆಫೀಸು, ನಡುವಿನ ದಾರಿಗೆ ಕದ ಇಲ್ಲ, ಫ್ರೇಮು ಅಲ್ಲಿಂದಲೇ ಕಾಣುತ್ತದೆ. ಸುಚಿತ್ರಾ ಟೀಚರ್ ಕುರ್ಚಿಯಲ್ಲಿ ಕೂತಿದ್ದರು. ಸಾಹೇಬರು ಫೈಲು ತೆರೆದರು.

“ಟೀಚರ್ ಹೆಸರು?”

“ಕುಮುದಾ,” ಅಂದರು ಸುಚಿತ್ರಾ.

ಹದಿನಾಲ್ಕು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ದೀಪಕ ಎರಡೂ ಕೈ ಚಾಚಿ ನನ್ನನ್ನು ತೋರಿಸಿ ಕೇಕೆ ಹಾಕಿ ನಕ್ಕ. ಬುದ್ಧಿ ಸಾಲದು ಅಂತ ಊರೆಲ್ಲ ಹೇಳುವ ಮಕ್ಕಳು. ಸುಳ್ಳಿಗೆ ಬೇಕಾದಷ್ಟು ಬುದ್ಧಿ ಅವರಿಗೆ ನಿಜಕ್ಕೂ ಸಾಲದು.

ಸಾಹೇಬರು ಮಕ್ಕಳನ್ನು ನೋಡಿದರು, ನನ್ನನ್ನು ನೋಡಿದರು, ಗಡಿಯಾರ ನೋಡಿದರು. “ಮಕ್ಕಳು ಚುರುಕಾಗಿದಾರೆ,” ಅಂತ ಹೇಳಿ ಬರೆದುಕೊಂಡರು. ಆಮೇಲೆ ನನ್ನ ಕಡೆ ಪೆನ್ನು ಚಾಚಿದರು. “ಆಯಾ, ನಿನ್ನ ಹೆಸರೇನಮ್ಮ?”

ರಾಜೇಂದ್ರಣ್ಣ ನನ್ನನ್ನೇ ನೋಡುತ್ತಿದ್ದರು. ತುಟಿಯಲ್ಲೇ ಮೂಕಮ್ಮ, ಮೂಕಮ್ಮ ಅನ್ನುತ್ತಿದ್ದರು. ಪರೀಕ್ಷೆಯಲ್ಲಿ ಮಗನಿಗೆ ಕಿಟಕಿಯಿಂದ ಉತ್ತರ ಹೇಳಿಕೊಡುವ ಅಪ್ಪನ ಹಾಗೆ.

“ಕುಮುದಾ,” ಅಂದೆ. “ಆಯಾ ಅಲ್ಲ ಸರ್. ಟೀಚರ್.”

“ಎರಡು ಕುಮುದಾನಾ?”

“ಹೌದು ಸರ್,” ರಾಜೇಂದ್ರಣ್ಣ ತಟ್ಟನೆ ಹೇಳಿದರು. “ಇಬ್ರದೂ ಒಂದೇ ಹೆಸರು. ನಮಗೂ ಕರೆಯೋವಾಗ ಗೊಂದಲ ಆಗತ್ತೆ.”

“ಓ, ಹಂಗಾ,” ಅಂದರು ಸಾಹೇಬರು. ಕುಮುದಾ ಒಂದು, ಕುಮುದಾ ಎರಡು ಅಂತ ಬರೆದೇ ಬಿಟ್ಟರು.

ನಗು ಬಂತು. ಅಳು ಬರಬೇಕಾದ ಜಾಗದಲ್ಲಿ ನಗು ಬಂತು. ಒರೆಸುವ ಬಟ್ಟೆ ಕೆಳಗೆ ಹಾಕಿ ಆಫೀಸಿಗೆ ಹೋದೆ. ಹಾರ ಕಿತ್ತೆ. ಫ್ರೇಮು ಇಳಿಸಿ ತಂದು ಸಾಹೇಬರ ಫೈಲಿನ ಮೇಲೆ ಇಟ್ಟೆ.

“ಫೋಟೋ ನೋಡಿ ಸರ್. ಒಂದೇ ಕುಮುದಾ.”

ಸುಚಿತ್ರಾ ಕುರ್ಚಿಯಿಂದ ಎದ್ದರು. ಯಾರೂ ಏಳಿ ಅಂದಿರಲಿಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಇದು ನಿಮ್ಮ ಒಳಗಿನ ವಿಷಯ ಕಣ್ರೀ ರಾಜೇಂದ್ರ. ನೀವು ನೀವು ಬಗೆಹರಿಸ್ಕೊಳ್ಳಿ. ನಾನು ಲೈಸೆನ್ಸ್ ಇರೋ ಟೀಚರ್ ಪಾಠ ಮಾಡಿದ್ದನ್ನ ನೋಡಿದೆ ಅಂತ ಬರೀಬೇಕು, ಅಷ್ಟೇ.”

“ಹಂಗಾದ್ರೆ ನೋಡಿ ಬರೀರಿ,” ಅಂದೆ.

ಸೋಪು ಹಾಕಿ ಕೈ ತೊಳೆದು ಬಂದೆ. ಊಟದ ಹೊತ್ತು, ಮಕ್ಕಳ ಊಟವೂ ತರಗತಿಯಲ್ಲೇ. ರಂಗಮ್ಮ ಲಿಖಿತ್‌ನ ತಟ್ಟೆ ಹಿಡಿದು ನಿಂತಿದ್ದರು. ನಾನು ಕೈ ಚಾಚಿದೆ. ರಂಗಮ್ಮ ತಟ್ಟೆ ಎದೆಗೆ ಒತ್ತಿ ಹಿಡಿದು ರಾಜೇಂದ್ರಣ್ಣನ ಮುಖ ನೋಡಿದರು.

“ಬೇಡ ಕುಮುದಾ,” ಅಂದರು ರಾಜೇಂದ್ರಣ್ಣ. ಧ್ವನಿ ತಣ್ಣಗಿತ್ತು. “ಅದೊಂದು ಬೇಡ. ಪೋಷಕರು...”

“ಹನ್ನೊಂದು ವರ್ಷ ಇವ್ರ ಹೇಲು ಬಾಚಿದ್ದು ಇದೇ ಕೈ. ಆಗ ಯಾವ ಪೋಷಕರೂ ನಿಮ್ಮ ಕನಸಲ್ಲಿ ಬರ್ಲಿಲ್ವಾ ಅಣ್ಣ? ಅನ್ನಕ್ಕೆ ಮಾತ್ರ ಬಂದ್ರಾ?”

ಸಾಹೇಬರು ಕೆಮ್ಮಿದರು. ರಂಗಮ್ಮನ ಕೈ ಸಡಿಲವಾಯಿತು. ತಟ್ಟೆ ತೆಗೆದುಕೊಂಡೆ. ಲಿಖಿತ್‌ನ ಪಕ್ಕ ನೆಲದ ಮೇಲೆ ಕೂತೆ. ಅವನ ಕೈಗೆ ಚಮಚ ಕೊಟ್ಟು, ಅದರ ಮೇಲೆ ನನ್ನ ಕೈ ಇಟ್ಟೆ. ಅವನು ಬಾಯಿ ತೆರೆದು ಕಾದ. ನಾನೂ ಕಾದೆ. ಅನ್ನ ತಾನಾಗಿ ಬರಲಿಲ್ಲ. ಸಿಟ್ಟು ಬಂದು ಚಮಚ ಬೀಸಾಡಿದ. ಎತ್ತಿ ಕೊಟ್ಟೆ. ಮತ್ತೆ ಬೀಸಾಡಿದ. ಮತ್ತೆ ಕೊಟ್ಟೆ. ನಾಲ್ಕನೇ ಸಲ ಚಮಚ ಹೇಗೋ ಮೇಲೆ ಹೋಗಿ, ಅರ್ಧ ಅನ್ನ ಕೆನ್ನೆಗೆ, ಅರ್ಧ ಬಾಯಿಗೆ. ಅಗಿಯುತ್ತ ಆಶ್ಚರ್ಯದಿಂದ ನನ್ನನ್ನು ನೋಡಿದ. ಈ ಒಂದು ತುತ್ತು ಇಷ್ಟು ವರ್ಷ ತಡವಾಗಿತ್ತು.

ಆಗಲೇ ದೀಪಕ ಬಾಗಿಲ ಹತ್ತಿರ ಹೋಗಿ ಚಡ್ಡಿಯ ಗುಂಡಿ ಹಿಡಿದುಕೊಂಡು ನಿಂತ. ಅದು ನಾನೇ ಕಲಿಸಿದ ಗುರುತು. ಅವನಿಗೆ ಎರಡು ನಿಮಿಷ ತಡೆದುಕೊಳ್ಳುವುದಕ್ಕೆ ಬರುತ್ತದೆ. ಪಕ್ಕದಲ್ಲಿ ಒಬ್ಬರು ನಿಂತು ಹೇಳುತ್ತಾ ಹೋದರೆ ಎಲ್ಲ ತಾನೇ ಮಾಡಿಕೊಳ್ಳುತ್ತಾನೆ.

ಎಲ್ಲರೂ ನನ್ನನ್ನು ನೋಡಿದರು. ರಾಜೇಂದ್ರಣ್ಣ, ಸುಚಿತ್ರಾ, ರಂಗಮ್ಮ, ಸಾಹೇಬರೂ. ಹನ್ನೊಂದು ವರ್ಷದ ಅಭ್ಯಾಸಕ್ಕೆ ನನ್ನ ಮೊಣಕಾಲೂ ಅರ್ಧ ಎದ್ದಿತ್ತು. ಅದನ್ನು ಮತ್ತೆ ಮಡಚಿ ಕೂತೆ.

“ನಾನು ಪಾಠ ಮಾಡ್ತಿದೀನಿ,” ಅಂದೆ. “ಆಯಾನ ಕಳಿಸಿ.”

ಯಾರೂ ಅಲುಗಲಿಲ್ಲ. ಸಾಹೇಬರ ಪೆನ್ನು ಆಯಾ ಎಂಬಲ್ಲಿ ನಿಂತಿತ್ತು. ಅಲ್ಲಿ ಹಾಕಲು ಈಗ ಹೆಸರಿರಲಿಲ್ಲ. ರಾಜೇಂದ್ರಣ್ಣ ಸುಚಿತ್ರಾರನ್ನು ನೋಡಿದರು. ಸುಚಿತ್ರಾ ರಂಗಮ್ಮನನ್ನು ನೋಡಿದರು. ರಂಗಮ್ಮ ಸಾರಿನ ಪಾತ್ರೆಯೊಳಗೆ ನೋಡಿದರು. ದೀಪಕ ಕಾಲು ಬದಲಿಸತೊಡಗಿದ.

“ಯಾರಾದ್ರೂ ಕರ್ಕಂಡು ಹೋಗ್ರೀ, ಮಗು ಪಾಪ,” ಅಂದರು ಸಾಹೇಬರು.

ಕೊನೆಗೆ ರಾಜೇಂದ್ರಣ್ಣ ಬಿಳಿ ಪಂಚೆ ಎತ್ತಿ ಕಟ್ಟಿದರು. ದೀಪಕನ ಕೈ ಹಿಡಿಯಲಿಲ್ಲ, ಅಂಗಿಯ ತುದಿ ಎರಡು ಬೆರಳಲ್ಲಿ ಹಿಡಿದು ಕರೆದುಕೊಂಡು ಹೋದರು. ಒಳಗಿನಿಂದ ಬಕೆಟ್ ಉರುಳಿದ ಸದ್ದು ಬಂತು. ದೀಪಕ ನಕ್ಕ ಸದ್ದೂ ಬಂತು.

“ಏ ಕುಮುದಾ! ಮೊದ್ಲು ಎಂತ ಮಾಡ್ಬೇಕೇ?”

ನಾನು ಲಿಖಿತ್‌ನ ಚಮಚ ನೋಡುತ್ತಿದ್ದೆ.

“ಕುಮುದಾ! ಕೇಳ್ತಾ?”

ಕೇಳಿತು. ಲಿಖಿತ್ ಎರಡನೇ ತುತ್ತು ಎತ್ತುತ್ತಿದ್ದ.

“ಟೀಚರ್! ಟೀಚರ್ರೇ! ಸ್ವಲ್ಪ ಹೇಳಿ ಮಾರಾಯ್ರೆ!”

“ಗುಂಡಿ ಅವನೇ ಬಿಚ್ತಾನೆ. ನೀವು ಅವಸರ ಮಾಡ್ಬೇಡಿ,” ಕೂತಲ್ಲಿಂದಲೇ ಹೇಳಿದೆ. “ಚಡ್ಡಿ ಮೊಣಕಾಲಿನ ಕೆಳಗೆ ಬರೋ ತನಕ ಕಾಯಿರಿ. ಆಮೇಲೆ ಕೂರು ಅನ್ನಿ. ಮುಖ ಸಿಂಡರಿಸ್ಬೇಡಿ, ಅವನಿಗೆ ಬೇಜಾರಾಗತ್ತೆ. ಆದ್ಮೇಲೆ ಚೊಂಬು ಅವನ ಬಲಗೈಗೆ ಕೊಡಿ. ತೊಳೆಯೋದು ಸರಿಯಾಗ್ಲಿಲ್ಲ ಅಂದ್ರೆ ನೀವು ತೊಳೀಬೇಕು. ಬಗ್ಗಿ. ಇನ್ನೂ ಬಗ್ಗಿ.”

ಸಾಹೇಬರು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು.